ಲೆಕ್ಕಕ್ಕುಂಟು, ಆಟಕ್ಕಿಲ್ಲ

‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಬೀದಿಯಲ್ಲಿ ದೊಡ್ಡ ಹುಡುಗರು ಆಡುತ್ತಿರುವಾಗ ಹಟಮಾಡಿ ಬಂದು ನಿಂತ ಪುಟ್ಟ ತಮ್ಮನನ್ನೋ ತಂಗಿಯನ್ನೋ ಅಳಿಸದೆ ಸೇರಿಸಿಕೊಳ್ಳುವುದಕ್ಕೆ ಮಾಡಿಕೊಂಡ ಒಪ್ಪಂದವದು. ಆ ಮಗು ಎಲ್ಲರೊಡನೆ ಓಡಬಹುದು, ಕೂಗಬಹುದು, ಮುಟ್ಟಬಹುದು. ಆದರೆ ಸಿಕ್ಕಿಬಿದ್ದರೆ ಅದರ ಸೋಲು ಸೋಲಲ್ಲ, ಗೆದ್ದರೆ ಗೆಲುವು ಗೆಲುವಲ್ಲ. ಅಧಿಕಾರವಿಲ್ಲದ ಹುದ್ದೆಯಲ್ಲಿ ಕುಳಿತವರನ್ನು ಕುರಿತ ವ್ಯಂಗ್ಯವಾಗಿ ಇದೇ ಮಾತು ನಮ್ಮ ರಾಜಕೀಯ ಬರವಣಿಗೆಯಲ್ಲಿಯೂ ಸೇರಿಕೊಂಡಿದೆ. ನಮ್ಮ ದೇಶದ ಅಂಗವಿಕಲರ ಕ್ರೀಡೆ ಮತ್ತು ಮನರಂಜನೆಯ ಸ್ಥಿತಿಗತಿಯನ್ನು ಯೋಚಿಸುವಾಗಲೆಲ್ಲ ನನಗೆ ಈ ಮಾತು ತಲೆಕೆಳಗಾಗಿ ಕೇಳಿಸುತ್ತದೆ. ಅವರು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಲೆಕ್ಕ ಎರಡು ಬಗೆಯದು. ಒಂದು, ಜನಗಣತಿಯ ಲೆಕ್ಕ. ೨೦೧೧ರ ಗಣತಿಯಂತೆ ಭಾರತದಲ್ಲಿ ೨.೬೮ ಕೋಟಿ ಅಂಗವಿಕಲರಿದ್ದರು. ಒಟ್ಟು ಜನಸಂಖ್ಯೆಯ ಶೇಕಡಾ ೨.೨೧ರಷ್ಟು. ೧೯೯೫ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. ೨೦೧೬ರ ಕಾಯಿದೆ ಆ ಪಟ್ಟಿಯನ್ನು ೨೧ಕ್ಕೆ ಹಿಗ್ಗಿಸಿತು. ಇನ್ನೊಂದು, ಪದಕಗಳ ಲೆಕ್ಕ. ೨೦೧೨ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ದಕ್ಕಿದ್ದು ಒಂದೇ ಒಂದು ಪದಕ. ಎತ್ತರ ಜಿಗಿತದಲ್ಲಿ ಆ ಬೆಳ್ಳಿಯನ್ನು ತಂದವರು ಹಾಸನ ಜಿಲ್ಲೆಯ ಎಚ್. ಎನ್. ಗಿರೀಶ. ೨೦೧೬ರ ರಿಯೋದಲ್ಲಿ ನಾಲ್ಕು, ೨೦೨೧ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ೧೯, ೨೦೨೪ರ ಪ್ಯಾರಿಸ್‌ನಲ್ಲಿ ೨೯. ಈ ೨೯ರಲ್ಲಿ ಏಳು ಚಿನ್ನ, ಒಂಬತ್ತು ಬೆಳ್ಳಿ, ಹದಿಮೂರು ಕಂಚು. ಹನ್ನೆರಡು ವರ್ಷಗಳಲ್ಲಿ ಒಂದರಿಂದ ಇಪ್ಪತ್ತೊಂಬತ್ತಕ್ಕೆ ಏರಿದ ಈ ಎಣಿಕೆ ಯಾವ ದೇಶಕ್ಕಾದರೂ ಹೆಮ್ಮೆಯ ವಿಷಯವೇ ಸರಿ.

ಈ ಸಾಧನೆಯನ್ನು ಕಿರಿದುಗೊಳಿಸುವುದು ನನ್ನ ಉದ್ದೇಶವಲ್ಲ. ಅದರಲ್ಲಿ ಕನ್ನಡಿಗರ ಪಾಲೂ, ನಾನು ಬದುಕುತ್ತಿರುವ ತಮಿಳುನಾಡಿನ ಪಾಲೂ ದೊಡ್ಡದು. ಹಾಸನದಲ್ಲಿ ಹುಟ್ಟಿ ಉತ್ತರ ಪ್ರದೇಶದಲ್ಲಿ ಆಡಳಿತಾಧಿಕಾರಿಯಾಗಿರುವ ಸುಹಾಸ್ ಯತಿರಾಜ್ ಟೋಕಿಯೋ ಮತ್ತು ಪ್ಯಾರಿಸ್ ಎರಡರಲ್ಲಿಯೂ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದರು. ಸೇಲಂ ಜಿಲ್ಲೆಯ ಮಾರಿಯಪ್ಪನ್ ತಂಗವೇಲು ಬೆಂಗಳೂರಿನಲ್ಲಿ ತರಬೇತಿ ಪಡೆದು ರಿಯೋದಲ್ಲಿ ಚಿನ್ನ, ಟೋಕಿಯೋದಲ್ಲಿ ಬೆಳ್ಳಿ, ಪ್ಯಾರಿಸ್‌ನಲ್ಲಿ ಕಂಚು ಪಡೆದರು. ಪೋಲಿಯೋ ಪೀಡಿತರಾಗಿ ಬಾಲ್ಯದ ಬಹುಭಾಗವನ್ನು ಇದೇ ಮದರಾಸಿನ ಮೂಳೆ ಚಿಕಿತ್ಸಾ ಕೇಂದ್ರವೊಂದರಲ್ಲಿ ಕಳೆದ, ಬೆಂಗಳೂರಿನ ಮಾಲತಿ ಕೃಷ್ಣಮೂರ್ತಿ ಹೊಳ್ಳರು ೧೯೮೮ರಲ್ಲಿಯೇ ಸೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದರು. ಮುಂದೆ ಅರ್ಜುನ ಪ್ರಶಸ್ತಿಯೂ ೨೦೦೧ರಲ್ಲಿ ಪದ್ಮಶ್ರೀಯೂ ಅವರಿಗೆ ಸಂದವು. ಕಾವೇರಿಯ ನೀರಿಗಾಗಿ ಎರಡು ರಾಜ್ಯಗಳು ಜಗಳಾಡುತ್ತಿದ್ದ ವರ್ಷಗಳಲ್ಲೂ ಈ ಬಗೆಯ ಕೊಡುಕೊಳೆ ಸದ್ದಿಲ್ಲದೆ ನಡೆದಿತ್ತೆಂಬುದು ಹೊರನಾಡಿನಲ್ಲಿರುವ ನಮಗೆ ಸಮಾಧಾನ ತರುವ ಸಂಗತಿ.

ಆದರೆ ಪದಕದ ಬೆಳಕು ಬೀಳದ ಕಡೆ ಏನಿತ್ತು ಎಂಬುದನ್ನೂ ನೋಡಬೇಕು. ೧೯೬೫ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ ಮುರಳಿಕಾಂತ್ ಪೇಟ್ಕರ್ ೧೯೭೨ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಐವತ್ತು ಮೀಟರ್ ಈಜಿನಲ್ಲಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನವನ್ನು ತಂದರು. ಅವರಿಗೆ ಪದ್ಮಶ್ರೀ ಬಂದದ್ದು ೨೦೧೮ರಲ್ಲಿ, ನಲವತ್ತಾರು ವರ್ಷಗಳ ಬಳಿಕ. ೨೦೧೫ರ ಮಾರ್ಚ್‌ನಲ್ಲಿ ಗಾಜಿಯಾಬಾದ್‌ನಲ್ಲಿ ನಡೆದ ಅಂಗವಿಕಲರ ರಾಷ್ಟ್ರೀಯ ಅಥ್ಲೆಟಿಕ್ಸ್ ಕೂಟದಲ್ಲಿ ಗಾಲಿಕುರ್ಚಿಯ ಮೇಲೆ ಬಂದ ಕ್ರೀಡಾಪಟುಗಳನ್ನು ಇನ್ನೂ ಕಟ್ಟಿ ಮುಗಿಯದ ಕಟ್ಟಡದಲ್ಲಿ ಇಳಿಸಲಾಗಿತ್ತು. ಅವರು ಬಳಸಬಹುದಾದ ಶೌಚಾಲಯ ಅಲ್ಲಿರಲಿಲ್ಲ. ಅದರ ಬೆನ್ನಲ್ಲೇ ಅಂತರರಾಷ್ಟ್ರೀಯ ಸಮಿತಿಯು ನಮ್ಮ ರಾಷ್ಟ್ರೀಯ ಸಮಿತಿಯನ್ನು ಅಮಾನತುಗೊಳಿಸಿತು. ದೇಶದ ಅತ್ಯುತ್ತಮ ಆಟಗಾರರಿಗೇ ಈ ಆತಿಥ್ಯವಾದರೆ ಆಟಗಾರರೇ ಅಲ್ಲದವರ ಪಾಡೇನು?

ನನ್ನ ಪ್ರಶ್ನೆ ಇರುವುದು ಇಲ್ಲಿಯೇ. ೨.೬೮ ಕೋಟಿಗೂ ೨೯ಕ್ಕೂ ನಡುವೆ ಒಂದು ದೊಡ್ಡ ಬಯಲಿದೆ. ಆ ಬಯಲಿನಲ್ಲಿರುವವರು ಎಂದೂ ಪದಕ ಗೆಲ್ಲದವರು, ಗೆಲ್ಲುವ ಆಸೆಯೂ ಇಲ್ಲದವರು. ಸಂಜೆಯಾದರೆ ನಾಲ್ಕು ಜನರೊಡನೆ ಕೂತು ಕೇರಂ ಆಡಬೇಕು, ಉಯ್ಯಾಲೆಯ ಮೇಲೆ ಜೀಕಬೇಕು, ಸಮುದ್ರದ ಅಲೆಗೆ ಕಾಲೊಡ್ಡಬೇಕು ಎಂದಷ್ಟೇ ಬಯಸುವವರು. ಅವರ ಬಯಕೆಗೆ ನಾವು ಕೊಡುವ ಉತ್ತರ ವಿಚಿತ್ರವಾದದ್ದು. ಪತ್ರಿಕೆಯಲ್ಲಿ ಬಂದ ವಿಜೇತರ ಚಿತ್ರವನ್ನು ತೋರಿಸಿ, ‘ನೋಡು, ಅವರಿಂದಾಯಿತು, ನಿನ್ನಿಂದೇಕೆ ಆಗದು?’ ಎನ್ನುತ್ತೇವೆ. ಹೀಗೆ ಹೇಳುವಾಗ ಮೈದಾನದ ಬಾಗಿಲಿನ ಮೂರು ಮೆಟ್ಟಿಲುಗಳ ಜವಾಬ್ದಾರಿಯನ್ನು ಆ ಹುಡುಗನ ಮನೋಬಲದ ಮೇಲೆ ಹೊರಿಸಿ ನಾವು ಕೈತೊಳೆದುಕೊಂಡಿರುತ್ತೇವೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯನ್ನು ನಾವೆಲ್ಲ ನಕ್ಕು ಒಪ್ಪಿದ್ದೇವೆ. ನೆಲವು ನಿಜವಾಗಿಯೂ ಡೊಂಕಾಗಿರಬಹುದೆಂದು ಬಗ್ಗಿ ನೋಡಿದವರು ಕಡಿಮೆ.

ಅಂಗಾಂಗಗಳೆಲ್ಲ ನೆಟ್ಟಗಿರುವ ನಮ್ಮನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ? ವಸತಿ ಸಮುಚ್ಚಯದ ಅಂಗಳದಲ್ಲಿ ಸಂಜೆ ಶಟಲ್ ಆಡುವ ಐವತ್ತರ ಗೃಹಸ್ಥರು ಹತ್ತು ಸಲಕ್ಕೆ ಏಳು ಸಲ ಬಲೆಗೇ ಹೊಡೆಯುತ್ತಾರೆ. ಅವರನ್ನು ನಿಲ್ಲಿಸಿ, ‘ನೀವು ದೇಶಕ್ಕೆ ಕೀರ್ತಿ ತರುವುದೆಂದು?’ ಎಂದು ಕೇಳಿದರೆ ಅದು ಅಸಭ್ಯತೆಯಾಗುತ್ತದೆ. ಅವರು ಆಡುವುದು ಬೆವರಿಗಾಗಿ, ಹರಟೆಗಾಗಿ, ಕಛೇರಿಯ ಬೇಸರವನ್ನು ಮರೆಯುವುದಕ್ಕಾಗಿ. ಕೆಟ್ಟದಾಗಿ ಆಡುವ ಹಕ್ಕು ಅವರಿಗಿದೆ. ಅಂಗವಿಕಲರಿಗೆ ನಾವು ಕೊಡದಿರುವುದು ಈ ಸಾಮಾನ್ಯ ಹಕ್ಕನ್ನು. ಅವರು ಆಡಿದರೆ ಅದು ಸ್ಫೂರ್ತಿಯ ಕಥೆಯಾಗಬೇಕು, ಇಲ್ಲವಾದರೆ ಮನೆಯಲ್ಲಿರಬೇಕು. ವೀರಪುರುಷ ಮತ್ತು ಕರುಣೆಯ ಪಾತ್ರ ಇವೆರಡರ ನಡುವೆ ಸುಮ್ಮನೆ ಮನುಷ್ಯನಾಗಿರುವ ಜಾಗವನ್ನು ಅವರಿಗೆ ನಾವು ಉಳಿಸಿಲ್ಲ.

ಇದಕ್ಕೆ ಕಾರಣ ಆಟವೆಂದರೇನು ಎಂಬ ಬಗೆಗೆ ನಮ್ಮಲ್ಲಿರುವ ತಪ್ಪು ತಿಳಿವಳಿಕೆಯೆಂದು ನನಗನ್ನಿಸುತ್ತದೆ. ಆಟವು ಬಲಿಷ್ಠ ದೇಹದ ಪ್ರದರ್ಶನ, ಆದ್ದರಿಂದ ದುರ್ಬಲ ದೇಹಕ್ಕೆ ಅದರಲ್ಲಿ ‘ರಿಯಾಯಿತಿ’ಯಿಂದ ಮಾತ್ರ ಪ್ರವೇಶ ಎಂದು ನಾವು ಭಾವಿಸಿದ್ದೇವೆ. ನಮ್ಮ ಮಕ್ಕಳ ಆಟಗಳನ್ನೇ ನೋಡಿ. ಕುಂಟೆಬಿಲ್ಲೆಯಲ್ಲಿ ಎರಡು ಕಾಲಿದ್ದವಳೂ ಒಂದು ಕಾಲನ್ನು ಮಡಚಿಕೊಳ್ಳಬೇಕು. ಆಟದ ಹೆಸರಿನಲ್ಲಿಯೇ ಕುಂಟಿದೆ. ಕಣ್ಣಾಮುಚ್ಚಾಲೆಯಲ್ಲಿ ಕಣ್ಣಿದ್ದವನು ಕಣ್ಣು ಮುಚ್ಚಿಕೊಳ್ಳಬೇಕು. ಗೋಣಿಚೀಲದ ಓಟದಲ್ಲಿ ಓಡಬಲ್ಲ ಕಾಲುಗಳನ್ನು ಚೀಲದಲ್ಲಿ ಕಟ್ಟುತ್ತೇವೆ. ಫುಟ್‌ಬಾಲ್‌ನಲ್ಲಿ ಕೈ ಇದ್ದೂ ಚೆಂಡನ್ನು ಮುಟ್ಟಬಾರದು. ಹೀಗೆ ಎಲ್ಲ ಆಟಗಳೂ ಮನುಷ್ಯರು ಕೂಡಿ ಒಪ್ಪಿಕೊಂಡ ಒಂದೊಂದು ಅಡಚಣೆ. ಆ ಅಡಚಣೆಯೊಳಗೆ ಜಾಣ್ಮೆ ತೋರಿಸುವುದೇ ಆಟದ ಸುಖ. ನಿಯಮವೆಂಬುದು ದೇವರು ಬರೆದದ್ದಲ್ಲ, ಆಡುವವರು ಬರೆದದ್ದು. ಒಬ್ಬ ಜೊತೆಗಾರನನ್ನು ಸೇರಿಸಿಕೊಳ್ಳುವುದಕ್ಕಾಗಿ ನಿಯಮವನ್ನು ತಿದ್ದಿದರೆ ಆಟ ಕೆಡುವುದಿಲ್ಲ. ಬೇರೆಯೊಂದು ಆಟ ಹುಟ್ಟುತ್ತದೆ, ಅಷ್ಟೆ. ಇದನ್ನು ನಾನು ಕುಂಟೆಬಿಲ್ಲೆಯ ನ್ಯಾಯವೆನ್ನುತ್ತೇನೆ.

ಅಂಧರ ಕ್ರಿಕೆಟ್ ಈ ನ್ಯಾಯಕ್ಕೆ ಒಳ್ಳೆಯ ನಿದರ್ಶನ. ಅದರ ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗಿನ ಸಣ್ಣ ಉಕ್ಕಿನ ಗುಂಡುಗಳಿಂದ ಉರುಳುವಾಗ ಸದ್ದು ಮಾಡುತ್ತದೆ. ಚೆಂಡನ್ನು ಕೈ ಕೆಳಗಿನಿಂದ ಎಸೆಯಬೇಕು, ಎಸೆಯುವ ಮುನ್ನ ದಾಂಡಿಗ ಸಿದ್ಧನೇ ಎಂದು ಕೇಳಬೇಕು. ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಬೇಕು. ಅವರು ಗಳಿಸಿದ ಓಟಗಳು ಇಮ್ಮಡಿಯಾಗಿ ಲೆಕ್ಕಕ್ಕೆ ಬರುತ್ತವೆ. ಅಂದರೆ ತಂಡದಲ್ಲಿ ಅತಿ ಕಡಿಮೆ ಕಾಣುವವನೇ ತಂಡಕ್ಕೆ ಅತಿ ಮುಖ್ಯನಾಗುವಂತೆ ನಿಯಮವನ್ನು ರಚಿಸಲಾಗಿದೆ. ಕನಿಕರಕ್ಕೆ ಇಲ್ಲಿ ಎಡೆಯಿಲ್ಲ, ಚತುರ ಶಾಸನವಿದೆ. ಇದರ ಮೊದಲ ವಿಶ್ವಕಪ್ ೧೯೯೮ರಲ್ಲಿ ದೆಹಲಿಯಲ್ಲಿ ನಡೆಯಿತು. ೨೦೧೨ರಲ್ಲಿ ಬೆಂಗಳೂರಿನಲ್ಲಿ ನಡೆದ ಟಿ-೨೦ ವಿಶ್ವಕಪ್ಪನ್ನು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕರ ನಾಯಕತ್ವದಲ್ಲಿ ಭಾರತ ಗೆದ್ದಿತು. ೨೦೨೫ರ ನವೆಂಬರ್‌ನಲ್ಲಿ ಕೊಲಂಬೋದಲ್ಲಿ ಅಂಧ ಮಹಿಳೆಯರ ಮೊದಲ ಟಿ-೨೦ ವಿಶ್ವಕಪ್ಪನ್ನು ಗೆದ್ದ ಭಾರತ ತಂಡದ ನಾಯಕಿಯೂ ಕರ್ನಾಟಕದವರೇ, ದೀಪಿಕಾ ಟಿ. ಸಿ.

ಇನ್ನೊಂದು ಆಟ ಬೋಚಿಯಾ. ಮಿದುಳಿನ ಪಾರ್ಶ್ವವಾಯುವಿನಿಂದ ಕೈಕಾಲುಗಳ ಮೇಲೆ ಹಿಡಿತವಿಲ್ಲದವರು ಗಾಲಿಕುರ್ಚಿಯಲ್ಲಿ ಕುಳಿತು ಚರ್ಮದ ಚೆಂಡುಗಳನ್ನು ಗುರಿಯ ಸಮೀಪಕ್ಕೆ ಉರುಳಿಸುವ ಆಟ. ಚೆಂಡನ್ನು ಎಸೆಯಲಾರದವರಿಗೆ ಒಂದು ಇಳಿಜಾರು ದೋಣಿಯನ್ನು ಕೊಡುತ್ತಾರೆ. ಅದನ್ನು ಹೇಳಿದ ಕಡೆಗೆ ತಿರುಗಿಸುವುದಕ್ಕೆ ಒಬ್ಬ ಸಹಾಯಕನಿರುತ್ತಾನೆ. ಆದರೆ ನಿಯಮವೊಂದಿದೆ: ಆ ಸಹಾಯಕ ಅಂಕಣಕ್ಕೆ ಬೆನ್ನು ಹಾಕಿಯೇ ಇರಬೇಕು, ತಿರುಗಿ ನೋಡಬಾರದು. ಕೈ ಅವನದಾದರೂ ತೀರ್ಮಾನ ಆಟಗಾರನದು. ಸಹಾಯ ಮಾಡುವುದೆಂದರೇನು ಎಂಬುದನ್ನು ಇಷ್ಟು ಚೊಕ್ಕವಾಗಿ ಹೇಳಿದ ನೀತಿಗ್ರಂಥವನ್ನು ನಾನು ಕಂಡಿಲ್ಲ. ಅಂಗವಿಕಲರ ಹೆಸರಿನಲ್ಲಿ ಸಭೆ ನಡೆಸಿ, ಅವರ ಪರವಾಗಿ ನಾವೇ ಮಾತನಾಡಿ, ನಾವೇ ಹಾರ ಹಾಕಿಸಿಕೊಳ್ಳುವ ಸಮಾಜಸೇವಕರೆಲ್ಲ ಈ ಆಟವನ್ನು ಒಮ್ಮೆ ನೋಡಬೇಕು.

ಪ್ಯಾರಾಲಿಂಪಿಕ್ಸ್‌ನ ಮೂಲವೂ ಪದಕದಲ್ಲಿಲ್ಲ. ನಾಜಿ ಜರ್ಮನಿಯಿಂದ ಇಂಗ್ಲೆಂಡಿಗೆ ಓಡಿಬಂದ ಯಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಘಾಸಿಗೊಂಡ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದರು. ಹಾಸಿಗೆಯಲ್ಲಿ ಬಿದ್ದು ಸಾವನ್ನು ಎದುರು ನೋಡುವವರೆಂದು ಜಗತ್ತು ಕೈಬಿಟ್ಟಿದ್ದ ಆ ಜನರ ಕೈಗೆ ಅವರು ಬಿಲ್ಲು ಬಾಣಗಳನ್ನು ಕೊಟ್ಟರು. ೧೯೪೮ರ ಜುಲೈ ೨೯ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಆಸ್ಪತ್ರೆಯ ಅಂಗಳದಲ್ಲಿ ಹದಿನಾರು ಮಂದಿ ಬಿಲ್ಲುಗಾರಿಕೆಯ ಪಂದ್ಯವಾಡಿದರು. ೧೯೬೦ರ ರೋಮ್ ಕೂಟಕ್ಕೆ ಬೀಜವಾದದ್ದು ಅದು. ಗುಟ್‌ಮನ್ ಬಯಸಿದ್ದು ತಮ್ಮ ರೋಗಿಗಳು ಮತ್ತೆ ಸಮಾಜದಲ್ಲಿ ಸೇರಿಕೊಳ್ಳಲೆಂದು. ಬದುಕಿಗೆ ಮರಳುವ ದಾರಿಯಾಗಿ ಹುಟ್ಟಿದ ಆಟವನ್ನು ನಾವು ಆಯ್ದ ಕೆಲವರ ಸನ್ಮಾನಕ್ಕೆ ಸೀಮಿತಗೊಳಿಸಿದ್ದೇವೆ.

ಹೆಸರಿಡುವುದರಲ್ಲಿ ಮಾತ್ರ ನಾವು ಹಿಂದೆ ಬಿದ್ದಿಲ್ಲ. ಅಂಗಹೀನ ಎನ್ನುತ್ತಿದ್ದವರು ಅಂಗವಿಕಲ ಎಂದೆವು. ಅನಂತರ ವಿಕಲಚೇತನ, ವಿಶೇಷಚೇತನ. ೨೦೧೫ರ ಡಿಸೆಂಬರ್‌ನಿಂದೀಚೆಗೆ ದಿವ್ಯಾಂಗ. ಹಳೆಯ ಹೀನಾಯದ ಶಬ್ದಗಳು ಹೋಗಬೇಕಾದುದು ಸರಿ. ಆದರೆ ಚೇತನ ವಿಕಲವಾಗಿದೆಯೆಂದರೆ ಏನರ್ಥ? ಊರುಗೋಲು ಹಿಡಿದವರ ಅಂಗ ದಿವ್ಯವೆಂದರೆ ಅವರಿಗೇನು ದಕ್ಕಿತು? ಇಷ್ಟು ಬಾರಿ ಹೆಸರು ಬದಲಾಯಿಸಿದ ನಾವು ನಮ್ಮ ಸಾರ್ವಜನಿಕ ಮೈದಾನಗಳ ಮೆಟ್ಟಿಲುಗಳನ್ನು ಅಷ್ಟು ಬಾರಿ ಬದಲಾಯಿಸಿದ್ದಿದ್ದರೆ ಈ ಲೇಖನ ಬೇಕಾಗುತ್ತಿರಲಿಲ್ಲ. ನಾನು ಹಳೆಯ ಕಾನೂನಿನ ಶಬ್ದವನ್ನೇ ಇಲ್ಲಿ ಬಳಸಿದ್ದೇನೆ. ಅದು ಹೊಗಳುವುದೂ ಇಲ್ಲ, ಹಳಿಯುವುದೂ ಇಲ್ಲ.

ಕಾನೂನು ನಮಗಿಂತ ಮುಂದಿದೆ. ೧೯೯೫ರ ಕಾಯಿದೆಯ ೪೩ನೆಯ ಕಲಮು ಅಂಗವಿಕಲರಿಗಾಗಿ ‘ವಿಶೇಷ ಮನರಂಜನಾ ಕೇಂದ್ರ’ಗಳನ್ನು ಕಟ್ಟಲು ರಿಯಾಯಿತಿ ದರದಲ್ಲಿ ನಿವೇಶನ ಕೊಡುವ ಮಾತನ್ನಾಡಿತ್ತು. ಅವರ ಮನರಂಜನೆ ಬೇರೆ, ಅದಕ್ಕೆ ಜಾಗ ಬೇರೆ ಎಂಬುದು ಅಂದಿನ ಕಲ್ಪನೆ. ೨೦೦೬ರ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ ೨೦೦೭ರಲ್ಲಿ ಅಂಗೀಕರಿಸಿತು. ಅದರ ೩೦ನೆಯ ವಿಧಿ ಅಂಗವಿಕಲ ಮಕ್ಕಳು ಇತರ ಮಕ್ಕಳಿಗೆ ಸರಿಸಮನಾಗಿ ಆಟ ಮತ್ತು ವಿರಾಮದಲ್ಲಿ ಭಾಗವಹಿಸುವ ಹಕ್ಕನ್ನು, ಶಾಲೆಯೊಳಗಣ ಆಟವನ್ನೂ ಸೇರಿಸಿ, ಎತ್ತಿಹಿಡಿಯುತ್ತದೆ. ಅದರ ಬೆಳಕಿನಲ್ಲಿ ಬಂದ ೨೦೧೬ರ ಕಾಯಿದೆಯ ೨೯ನೆಯ ಕಲಮು ಮನರಂಜನೆ, ನೃತ್ಯ, ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆಗಳನ್ನೂ, ೩೦ನೆಯ ಕಲಮು ಕ್ರೀಡೆಯನ್ನೂ ಹೆಸರಿಸಿ ಹೇಳುತ್ತವೆ. ಕ್ರೀಡಾ ಪ್ರಾಧಿಕಾರಗಳು ತಮ್ಮ ಎಲ್ಲ ಯೋಜನೆಗಳಲ್ಲಿ ಅಂಗವಿಕಲರನ್ನು ಒಳಗೊಳ್ಳಬೇಕು, ಮೈದಾನಗಳನ್ನು ಪುನರ್ವಿನ್ಯಾಸಗೊಳಿಸಬೇಕು ಎಂಬುದು ಅಲ್ಲಿಯ ವಿಧಾಯಕ. ಬೇರೆ ಮನೆಯ ಕಲ್ಪನೆಯಿಂದ ಅದೇ ಮನೆಯ ಕಲ್ಪನೆಗೆ ಕಾನೂನು ದಾಟಿದೆ. ೨೦೨೪ರ ನವೆಂಬರ್ ೮ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸುಗಮ ಪ್ರವೇಶದ ಮಾನದಂಡಗಳನ್ನು ಬರಿಯ ಸಲಹೆಯ ಮಟ್ಟಕ್ಕಿಳಿಸಿದ್ದ ೧೫ನೆಯ ನಿಯಮವು ಮೂಲ ಕಾಯಿದೆಗೆ ವಿರುದ್ಧವೆಂದು ತಳ್ಳಿಹಾಕಿ, ಕಡ್ಡಾಯ ಮಾನದಂಡಗಳನ್ನು ರೂಪಿಸಬೇಕೆಂದು ಆದೇಶಿಸಿತು. ಮೆಟ್ಟಿಲಿನ ಪಕ್ಕದ ಇಳಿಜಾರು ದಾರಿ ಇನ್ನು ಔದಾರ್ಯದ ವಿಷಯವಲ್ಲ.

ಕಾನೂನಿನಿಂದ ಬಯಲಿಗೆ ಬರೋಣ. ನಮ್ಮ ಚೆನ್ನೈನಲ್ಲಿ ಬಡವನಿಗೂ ಶ್ರೀಮಂತನಿಗೂ ಪುಕ್ಕಟೆಯಾಗಿ ದೊರಕುವ ದೊಡ್ಡ ಮನರಂಜನೆಯೆಂದರೆ ಮರೀನಾ ಕಡಲತೀರ. ಆದರೆ ರಸ್ತೆಯಿಂದ ಅಲೆಗಳವರೆಗೆ ಹರಡಿರುವ ಮರಳಿನಲ್ಲಿ ಗಾಲಿಕುರ್ಚಿಯ ಚಕ್ರಗಳು ಹೂತುಹೋಗುತ್ತವೆ. ಈ ನಗರದಲ್ಲಿಯೇ ಹುಟ್ಟಿ ಬೆಳೆದರೂ ಕಡಲ ನೀರನ್ನು ಮುಟ್ಟದ ಜನ ಇದ್ದರು. ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವವರ ಒತ್ತಾಯದಿಂದ ಡಿಸೆಂಬರ್ ೩ರ ಅಂತರರಾಷ್ಟ್ರೀಯ ದಿನದ ಆಸುಪಾಸಿನಲ್ಲಿ ಕೆಲವು ವರ್ಷ ತಾತ್ಕಾಲಿಕ ಹಾದಿಯನ್ನು ಹಾಸುತ್ತಿದ್ದರು. ಕೆಲವೇ ದಿನಗಳ ಸಮುದ್ರ. ಅನಂತರ ಹಲಗೆಗಳನ್ನು ಎತ್ತಿಬಿಡುತ್ತಿದ್ದರು. ೨೦೨೨ರ ನವೆಂಬರ್ ೨೭ರಂದು ಸುಮಾರು ೧.೧೪ ಕೋಟಿ ರೂಪಾಯಿ ವೆಚ್ಚದ, ೨೬೩ ಮೀಟರ್ ಉದ್ದದ ಮರದ ಕಾಯಂ ಹಾದಿ ತೆರೆಯಿತು. ಎರಡೇ ವಾರಗಳಲ್ಲಿ ಮ್ಯಾಂಡಸ್ ಚಂಡಮಾರುತ ಅದರ ಒಂದು ಭಾಗವನ್ನು ಕಿತ್ತುಹಾಕಿತು. ದುರಸ್ತಿಯಾಗಿ ಅದು ಮತ್ತೆ ಬಳಕೆಗೆ ಬಂತು.

ಈ ಪ್ರಸಂಗದಿಂದ ನಾನು ಕಲಿತದ್ದು ಎರಡು ಪಾಠ. ಹಾದಿ ಕಟ್ಟುವುದಕ್ಕಿಂತ ಅದನ್ನು ಕಾಯ್ದುಕೊಳ್ಳುವುದು ಕಷ್ಟ. ಉದ್ಘಾಟನೆಗೆ ಛಾಯಾಗ್ರಾಹಕರಿರುತ್ತಾರೆ, ದುರಸ್ತಿಗೆ ಇರುವುದಿಲ್ಲ. ಇದು ಮೊದಲನೆಯದು. ಎರಡನೆಯದು, ಆ ಹಾದಿಯಲ್ಲಿ ನಾನು ಕಂಡವರು ಗಾಲಿಕುರ್ಚಿಯವರು ಮಾತ್ರವಲ್ಲ. ಮೊಣಕಾಲು ನೋವಿನ ಅಜ್ಜಿಯರು, ಬಸುರಿಯರು, ತಳ್ಳುಗಾಡಿಯಲ್ಲಿ ಮಗುವನ್ನು ಮಲಗಿಸಿಕೊಂಡ ತಾಯಂದಿರೂ ಅದರ ಮೇಲೆಯೇ ಕಡಲಿನತ್ತ ನಡೆದರು. ಅಂಗವಿಕಲರಿಗೆಂದು ಮಾಡಿದ ಸುಗಮತೆ ಕೊನೆಗೆ ಎಲ್ಲರ ವೃದ್ಧಾಪ್ಯದ ಆಸ್ತಿಯಾಗುತ್ತದೆ.

ಬೆಂಗಳೂರಿನಲ್ಲಿ ಇಂಥದೇ ಇನ್ನೊಂದು ಪ್ರಯೋಗ ನಡೆದಿದೆ. ಅಂಗವಿಕಲ ಮಕ್ಕಳ ತಂದೆತಾಯಿಗಳು ಕೂಡಿ ಕಟ್ಟಿದ ‘ಕಿಲಿಕಿಲಿ’ ಎಂಬ ಸಂಸ್ಥೆ ಕೋಲ್ಸ್ ಪಾರ್ಕಿನಿಂದ ತೊಡಗಿ ನಗರದ ಕೆಲವು ಸಾರ್ವಜನಿಕ ಉದ್ಯಾನಗಳಲ್ಲಿ ಎಲ್ಲ ಮಕ್ಕಳೂ ಕೂಡಿ ಆಡಬಹುದಾದ ಆಟದ ತಾಣಗಳನ್ನು ರೂಪಿಸಿತು. ಬೆನ್ನಿಗೆ ಆಧಾರವಿರುವ ಉಯ್ಯಾಲೆ, ಗಾಲಿಕುರ್ಚಿ ಹೋಗಬಲ್ಲ ಹಾದಿ, ಕೈಯಿಂದ ಮುಟ್ಟಿ ತಿಳಿಯಬಹುದಾದ ಗೋಡೆ ಇವೆಲ್ಲ ಇಂಥ ತಾಣಗಳ ಲಕ್ಷಣ. ಬೇಲಿ ಹಾಕಿದ ಪ್ರತ್ಯೇಕ ಮೂಲೆಯನ್ನು ಅವರು ಕೇಳಲಿಲ್ಲ. ಇದ್ದ ಉದ್ಯಾನದಲ್ಲಿಯೇ ಪಾಲು ಕೇಳಿದರು. ಕನ್ನಡದ ಮಕ್ಕಳ ನಗೆಯ ಸದ್ದನ್ನೇ ಹೆಸರಾಗಿಸಿಕೊಂಡ ಈ ಯತ್ನವು ತಂದೆತಾಯಿಗಳಿಂದ ಹುಟ್ಟಿತೆಂಬುದು ಗಮನಾರ್ಹ.

ಇದಕ್ಕೆ ಎದುರಾಗಿ ಕೇಳಿಬರುವ ಆಕ್ಷೇಪಗಳು ಮೂರು. ಮೊದಲನೆಯದು, ‘ಅಂಥವರು ಎಷ್ಟು ಜನ ಬರುತ್ತಾರೆ?’ ಮೆಟ್ಟಿಲಿಟ್ಟು ಬಾಗಿಲು ಮುಚ್ಚಿದವರೇ ಒಳಗೆ ಯಾರೂ ಇಲ್ಲವೆಂದು ಎಣಿಸುವ ವಾದವಿದು. ಎರಡನೆಯದು, ‘ಬಿದ್ದು ಪೆಟ್ಟು ಮಾಡಿಕೊಂಡರೆ?’ ಬೀಳುವುದೂ ಆಟದ ಭಾಗವೇ. ಮೊಣಕಾಲಿನ ಮೇಲೆ ಗಾಯದ ಗುರುತಿಲ್ಲದ ಬಾಲ್ಯ ಯಾರದಿದೆ? ರಕ್ಷಣೆಯ ಹೆಸರಿನಲ್ಲಿ ಮಗುವಿನ ಬಾಲ್ಯವನ್ನೇ ಕಸಿಯುವುದು ಪ್ರೀತಿಯಾದರೂ ನ್ಯಾಯವಲ್ಲ. ಮೂರನೆಯದು ಹೆಚ್ಚು ಯೋಗ್ಯವಾದ ಆಕ್ಷೇಪ: ‘ಅವರಿಗೇ ಬೇರೆ ಕೂಟ ನಡೆಸುವುದು ಉಚಿತವಲ್ಲವೇ?’ ಇದರಲ್ಲಿ ಅರ್ಧ ಸತ್ಯವಿದೆ. ಸ್ಪರ್ಧೆಗೆ ಸಮಬಲರು ಬೇಕು. ಆದ್ದರಿಂದಲೇ ಪ್ಯಾರಾಲಿಂಪಿಕ್ಸ್‌ನಲ್ಲಿ ಅಷ್ಟೊಂದು ವರ್ಗೀಕರಣ. ಕಿವುಡರು ೧೯೨೪ರಿಂದಲೂ ತಮ್ಮದೇ ಅಂತರರಾಷ್ಟ್ರೀಯ ಕೂಟವನ್ನು ನಡೆಸಿಕೊಂಡು ಬಂದಿದ್ದಾರೆ. ಅದು ಅವರ ಭಾಷೆಯ, ಅವರ ಸಮುದಾಯದ ಹಬ್ಬ. ಅದನ್ನು ಯಾರೂ ಕಸಿಯಬಾರದು. ಆದರೆ ಸ್ಪರ್ಧೆಗೆ ಸಮಬಲರು ಬೇಕಾದಂತೆ ಆಟಕ್ಕೆ ಜೊತೆಗಾರರು ಬೇಕು. ನೆರೆಮನೆಯ ಗೆಳತಿಯೊಡನೆ ಆಡಬಯಸುವ ಹುಡುಗಿಯನ್ನು ಊರಾಚೆಯ ವಿಶೇಷ ಕೇಂದ್ರಕ್ಕೆ ಕಳುಹಿಸಿದರೆ ಅವಳಿಗೆ ಆಟ ಸಿಕ್ಕೀತು, ಗೆಳತಿ ಸಿಗುವುದಿಲ್ಲ.

‘ಎಷ್ಟು ಜನ ಇದ್ದೀರಿ?’ ಎಂಬ ಪ್ರಶ್ನೆ ನಮಗೆ, ಹೊರನಾಡ ಕನ್ನಡಿಗರಿಗೆ, ಹೊಸದಲ್ಲ. ಮುಂಬಯಿಯಲ್ಲಿ, ಚೆನ್ನೈಯಲ್ಲಿ, ಹೈದರಾಬಾದಿನಲ್ಲಿ ಕನ್ನಡ ಶಾಲೆಗೆ ಶಿಕ್ಷಕರನ್ನು, ಕನ್ನಡ ಪಠ್ಯಪುಸ್ತಕಗಳನ್ನು ಕೇಳಿಕೊಂಡು ಕಛೇರಿಗಳಿಗೆ ಹೋದ ಹಿರಿಯರೆಲ್ಲ ಈ ಪ್ರಶ್ನೆಯನ್ನು ಎದುರಿಸಿದವರೇ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಕಲ್ಪಿಸಬೇಕೆನ್ನುವ ಸಂವಿಧಾನದ ೩೫೦-ಎ ವಿಧಿಯನ್ನು ಅವರು ಉದ್ಧರಿಸುತ್ತಿದ್ದರು. ಹಕ್ಕು ತಲೆಯೆಣಿಕೆಯಿಂದ ಬರುವುದಿಲ್ಲ ಎಂಬುದು ಅವರ ವಾದ. ಬಹುಸಂಖ್ಯಾತರ ಅನುಕೂಲಕ್ಕಾಗಿ ಕಟ್ಟಿದ ನಗರದಲ್ಲಿ ಬದುಕುವುದರ ಕಷ್ಟ ನಮಗೆ ಗೊತ್ತು. ಬಸ್ಸಿನ ಫಲಕವನ್ನು ಓದಲಾರದ ಮೊದಲ ದಿನಗಳ ಅಸಹಾಯಕತೆ ಹಲವರಿಗೆ ನೆನಪಿದ್ದೀತು. ತಪ್ಪು ಕಣ್ಣಿನದಲ್ಲ, ಫಲಕದ್ದು. ಇಷ್ಟು ತಿಳಿದ ನಾವೇ ನಮ್ಮ ಸಂಘದ ಅಂಗಳದಲ್ಲಿ ಇನ್ನೊಬ್ಬರಿಗೆ ‘ಎಷ್ಟು ಜನ ಇದ್ದೀರಿ?’ ಎನ್ನಬಹುದೇ?

ನಮ್ಮ ಹೊರನಾಡ ಸಂಘಗಳ ಸ್ಥಿತಿಯನ್ನು ನೋಡಿ. ಹಿರಿಯರು ಚಂದಾ ಎತ್ತಿ ಕಟ್ಟಿದ ಕಟ್ಟಡಗಳು. ಬಾಗಿಲಿಗೆ ಮೆಟ್ಟಿಲು, ವೇದಿಕೆಗೆ ಮೆಟ್ಟಿಲು, ಗ್ರಂಥಾಲಯ ಹಲವು ಕಡೆ ಮಹಡಿಯ ಮೇಲೆ. ರಾಜ್ಯೋತ್ಸವಕ್ಕೆ ಮುನ್ನ ಕ್ರೀಡಾಕೂಟ: ನಿಂಬೆಹಣ್ಣು-ಚಮಚದ ಓಟ, ಸಂಗೀತ ಕುರ್ಚಿ, ಹಗ್ಗಜಗ್ಗಾಟ. ಒಂದು ಸಂಘದ ಕೂಟದಲ್ಲಿ ಗಾಲಿಕುರ್ಚಿಯ ಹುಡುಗನೊಬ್ಬನನ್ನು ದಿನವಿಡೀ ಶಾಮಿಯಾನದ ಕೆಳಗೆ ಕೂರಿಸಿ, ಸಂಜೆ ವೇದಿಕೆಗೆ ಎತ್ತಿಕೊಂಡು ಹೋಗಿ ‘ವಿಶೇಷ ಬಹುಮಾನ’ ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಚಪ್ಪಾಳೆ ದೀರ್ಘವಾಗಿತ್ತು. ಆಡದ ಆಟಕ್ಕೆ ಬಂದ ಆ ಬಹುಮಾನವನ್ನು ಅವನು ಪಕ್ಕದ ಮಗುವಿನ ಕೈಗೆ ಕೊಟ್ಟುಬಿಟ್ಟ. ಕೊಟ್ಟವರ ಮನಸ್ಸು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅವನಿಗೆ ಬೇಕಾದದ್ದು ಬಹುಮಾನವಲ್ಲ, ಸರದಿ.

ಸರದಿ ಕೊಡುವುದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ. ಸಂಗೀತ ಕುರ್ಚಿಯಲ್ಲಿ ಹಾಡು ನಿಂತೊಡನೆ ಒಂದು ಬಾವುಟವನ್ನೂ ಇಳಿಸಿದರೆ ಕಿವಿ ಕೇಳದ ಮಗು ಆಡಬಲ್ಲದು. ಅಂಧರ ಚದುರಂಗದ ಮಣೆ ಸಿಗುತ್ತದೆ; ಅದರಲ್ಲಿ ಕಪ್ಪು ಮನೆಗಳು ತುಸು ಎತ್ತರವಾಗಿರುತ್ತವೆ, ಮನೆಮನೆಗೂ ಕಾಯಿಯನ್ನು ಸಿಕ್ಕಿಸುವ ರಂಧ್ರವಿರುತ್ತದೆ, ಕಪ್ಪು ಕಾಯಿಗಳ ತಲೆಯ ಮೇಲೆ ಗುರುತಿರುತ್ತದೆ. ಅದರ ಮುಂದೆ ಕುಳಿತ ಅಂಧರು ಕಣ್ಣಿದ್ದವರನ್ನು ಸೋಲಿಸುವುದು ಸಾಮಾನ್ಯ. ಕೇರಂ ಮಣೆಯ ಮೇಜಿನ ಎತ್ತರವನ್ನು ಗಾಲಿಕುರ್ಚಿಗೆ ಹೊಂದಿಸುವುದು ಬಡಗಿಯ ಒಂದು ಗಂಟೆಯ ಕೆಲಸ. ನಿಂಬೆಹಣ್ಣಿನ ಓಟವನ್ನು ಎಲ್ಲರೂ ಕುಳಿತು ಕೈಯಿಂದ ಕೈಗೆ ದಾಟಿಸುವ ಆಟವಾಗಿ ಬದಲಾಯಿಸಬಹುದು. ವಿಹಾರಕ್ಕೆ ಹೋಗುವ ಮುನ್ನ ಆ ಸ್ಥಳದಲ್ಲಿ ಗಾಲಿಕುರ್ಚಿ ಹೋಗುವ ಶೌಚಾಲಯವಿದೆಯೇ ಎಂದು ಒಂದು ದೂರವಾಣಿ ಕರೆ ಮಾಡಬಹುದು. ಬಾಗಿಲಿನ ಇಳಿಜಾರು ದಾರಿಗೆ ಒಂದು ವಾರ್ಷಿಕೋತ್ಸವದ ಹಾರತುರಾಯಿಯ ಖರ್ಚು ಉಳಿಸಿದರೆ ಸಾಕಾದೀತು. ಎಲ್ಲಕ್ಕಿಂತ ಮುಖ್ಯವಾಗಿ, ಕ್ರೀಡಾ ಸಮಿತಿಯಲ್ಲಿ ಅಂಗವಿಕಲರೊಬ್ಬರನ್ನು ಸದಸ್ಯರನ್ನಾಗಿ ಕೂರಿಸಬೇಕು. ಬೋಚಿಯಾದ ಸಹಾಯಕನಂತೆ ಉಳಿದವರು ಕೈ ಕೊಡೋಣ, ತೀರ್ಮಾನ ಅವರದಾಗಲಿ.

ಪ್ರಭುತ್ವ ಮಾಡಬೇಕಾದ ಕೆಲಸ ಬೇರೆಯೇ ಇದೆ. ಶಾಲೆಗಳ ಆಟದ ಅವಧಿಯಲ್ಲಿ ಅಂಗವಿಕಲ ಮಗುವನ್ನು ಎಲ್ಲರ ಚೀಲ ಕಾಯಲು ಕೂರಿಸುವ ಪದ್ಧತಿ ನಿಲ್ಲಬೇಕು. ದೈಹಿಕ ಶಿಕ್ಷಣ ಶಿಕ್ಷಕರ ತರಬೇತಿಯಲ್ಲಿಯೇ ಇದು ಸೇರಬೇಕು. ಪದಕ ಗೆದ್ದವರಿಗೆ ಕೋಟಿಗಳ ಬಹುಮಾನ ಘೋಷಿಸುವ ಸರಕಾರಗಳು ತಾಲ್ಲೂಕು ಕ್ರೀಡಾಂಗಣದ ಬಾಗಿಲಿಗೂ ಸ್ವಲ್ಪ ಸಿಮೆಂಟನ್ನು ಮೀಸಲಿಡಬೇಕು. ಕಾಯಿದೆಯ ೩೦ನೆಯ ಕಲಮನ್ನು ಹಿಡಿದು ಇದನ್ನು ಕೇಳುವ ಹಕ್ಕು ಎಲ್ಲ ನಾಗರಿಕರಿಗೂ ಇದೆ. ಕೇಳುವ ಕರ್ತವ್ಯ ನಮ್ಮಂಥ ಸಂಘಗಳಿಗಿದೆ. ಆದರೆ ಸ್ವಂತ ಹೊಸ್ತಿಲನ್ನು ತಗ್ಗಿಸದವರ ಮನವಿಪತ್ರಕ್ಕೆ ಬೆಲೆ ಬಾರದು.

೨೦೨೮ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮುಂದಿನ ಪ್ಯಾರಾಲಿಂಪಿಕ್ಸ್ ಬರಲಿದೆ. ಪದಕಗಳ ಸಂಖ್ಯೆ ಏರಬಹುದು, ಇಳಿಯಬಹುದು. ಅದನ್ನು ಪತ್ರಿಕೆಗಳು ಎಣಿಸುತ್ತವೆ. ನಾವು ಎಣಿಸಬೇಕಾದದ್ದು ಬೇರೆ. ಈ ವರ್ಷದ ನಮ್ಮ ಕ್ರೀಡಾಕೂಟದಲ್ಲಿ ಎಷ್ಟು ಜನ ಶಾಮಿಯಾನದ ಕೆಳಗಿನಿಂದ ಎದ್ದು, ಅಥವಾ ಏಳದೆಯೇ, ಅಂಗಳಕ್ಕೆ ಬಂದು ಆಡಿದರು? ಆಡಿ ಎಷ್ಟು ಜನ ಸೋತರು? ಸೋತು, ಮುಂದಿನ ವರ್ಷ ನೋಡಿಕೊಳ್ಳುತ್ತೇನೆಂದು ಜಗಳ ಮಾಡಿ ಮನೆಗೆ ಹೋದವರೆಷ್ಟು? ಆ ಸಂಖ್ಯೆ ಸೊನ್ನೆಯಿಂದ ಒಂದಾದರೂ ಸಾಕು, ಅದನ್ನು ಸಂಘದ ವಾರ್ಷಿಕ ವರದಿಯಲ್ಲಿ ದಾಖಲಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ನಾನು ವಿನಂತಿಸುತ್ತೇನೆ.